ಕೊರತೆಯೊಂದಿಗೆ ಗೆದ್ದ ಆಟಗಾರ್ತಿ

ಟೆನಿಸ್ ಆಟದಲ್ಲಿ ಎದುರಾಳಿಯ ಹಂಗಿಲ್ಲದ ಹೊಡೆತ ಒಂದೇ ಒಂದು. ಅದು ಸರ್ವ್. ಉಳಿದ ಎಲ್ಲ ಹೊಡೆತಗಳೂ ಆಚೆಯಿಂದ ಬಂದ ಚೆಂಡಿಗೆ ನಾವು ಕೊಡುವ ಉತ್ತರಗಳು. ಸರ್ವ್ ಮಾತ್ರ ನಾವೇ ಎತ್ತುವ ಪ್ರಶ್ನೆ. ಚೆಂಡು ನಮ್ಮ ಕೈಯಲ್ಲಿರುತ್ತದೆ, ನಿಂತ ಜಾಗ ನಮ್ಮದು, ಚೆಂಡನ್ನು ಎಷ್ಟು ಎತ್ತರಕ್ಕೆ ಎಸೆಯಬೇಕು, ಎಷ್ಟು ಬಲವಾಗಿ ಹೊಡೆಯಬೇಕು ಎಂಬ ನಿರ್ಧಾರವೂ ನಮ್ಮದೇ. ಒಮ್ಮೆ ತಪ್ಪಿದರೆ ಮತ್ತೊಂದು ಅವಕಾಶವೂ ಉಂಟು. ಎರಡೂ ತಪ್ಪಿದಾಗ ಮಾತ್ರ ಎದುರಾಳಿಗೆ ಅಂಕ ಹೋಗುತ್ತದೆ. ಅದನ್ನೇ ಡಬಲ್ ಫಾಲ್ಟ್ ಎನ್ನುವುದು. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, ಪ್ರಶ್ನೆಪತ್ರಿಕೆಯನ್ನು ತಾನೇ ಬರೆದು, ತಾನೇ ಉತ್ತರಿಸಿ, ಅದರಲ್ಲಿ ಅನುತ್ತೀರ್ಣನಾದಂತೆ. ಆದ್ದರಿಂದಲೇ ಡಬಲ್ ಫಾಲ್ಟ್ ಮಾಡಿದ ಆಟಗಾರನ ಮುಖದಲ್ಲಿ ಸೋಲಿಗಿಂತ ಹೆಚ್ಚಾಗಿ ನಾಚಿಕೆ ಕಾಣುತ್ತದೆ.

ವೃತ್ತಿಪರ ಟೆನಿಸ್‌ನಲ್ಲಿ ಸರ್ವ್ ಮಾಡುವವರೇ ಸಾಮಾನ್ಯವಾಗಿ ಮೇಲುಗೈ ಸಾಧಿಸುತ್ತಾರೆ. ಈ ಒಂದು ಅಸ್ತ್ರ ದುರ್ಬಲವಾಗಿದ್ದೂ ಒಬ್ಬ ಆಟಗಾರ್ತಿ ಹನ್ನೆರಡು ವರ್ಷ ಕಾಲ ಜಗತ್ತಿನ ಅತ್ಯುತ್ತಮರ ನಡುವೆ ಆಡಿದರು, ವಿಶ್ವ ಕ್ರಮಾಂಕದಲ್ಲಿ ಮೂರನೆಯ ಸ್ಥಾನದವರೆಗೆ ಏರಿದರು, ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದರು ಎಂದರೆ ಟೆನಿಸ್ ಅರಿಯದವರಿಗೂ ಕುತೂಹಲ ಹುಟ್ಟಬೇಕು. ಅವರ ಹೆಸರು ಎಲೆನಾ ಡೆಮೆಂಟೀವಾ. ರಷ್ಯಾದ ಮಾಸ್ಕೋ ನಗರದವರು. ಕ್ರೀಡಾ ಪುಟಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಹೆಸರು ನೆನಪಿರಬಹುದು. ಕಿರಿಯರಿಗೆ ಬಹುಶಃ ಇರಲಾರದು. ಶರಪೋವಾ ಹೆಸರು ಎಲ್ಲರಿಗೂ ಗೊತ್ತು. ಡೆಮೆಂಟೀವಾ ಹೆಸರು ಬಂದಾಗಲೆಲ್ಲ ಅದರ ಹಿಂದೆ ಒಂದು ವಾಕ್ಯ ತಪ್ಪದೆ ಬರುತ್ತದೆ: ಗ್ರ್ಯಾಂಡ್ ಸ್ಲಾಮ್ ಗೆಲ್ಲದ ಆಟಗಾರ್ತಿಯರಲ್ಲಿ ಅತ್ಯುತ್ತಮರು. ಈ ವಾಕ್ಯ ಹೊಗಳಿಕೆಯೋ ತೆಗಳಿಕೆಯೋ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಅದಕ್ಕಾಗಿಯೇ ಈ ಬರಹ.

ಎಲೆನಾ ಹುಟ್ಟಿದ್ದು 1981ರ ಅಕ್ಟೋಬರ್ 15ರಂದು. ತಂದೆ ಎಂಜಿನಿಯರ್, ತಾಯಿ ವೆರಾ ಶಿಕ್ಷಕಿ. ಇಬ್ಬರಿಗೂ ಬಿಡುವಿನ ವೇಳೆಯಲ್ಲಿ ಟೆನಿಸ್ ಆಡುವ ಹವ್ಯಾಸವಿತ್ತು. ಅದು ಸೋವಿಯತ್ ಒಕ್ಕೂಟದ ಕಾಲ. ಅಲ್ಲಿ ಕ್ರೀಡೆ ಎಂಬುದು ಸರ್ಕಾರದ ವಿಷಯ. ಯಾವ ಆಟದಲ್ಲಿ ಒಲಿಂಪಿಕ್ಸ್ ಪದಕವಿದೆಯೋ ಆ ಆಟಕ್ಕೆ ಹಣ, ಅಂಗಳ, ತರಬೇತುದಾರರು ಎಲ್ಲವೂ ದೊರೆಯುತ್ತಿದ್ದವು. 1924ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಟೆನಿಸ್ ಪದಕದ ಆಟವಾಗಿ ಮರಳಿದ್ದು 64 ವರ್ಷಗಳ ಬಳಿಕ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ. ಅಲ್ಲಿಯತನಕ ಸೋವಿಯತ್ ದೇಶದಲ್ಲಿ ಟೆನಿಸ್‌ಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಓಲ್ಗಾ ಮೊರೊಜೋವಾ ಎಂಬ ಆಟಗಾರ್ತಿ 1974ರಲ್ಲಿ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡರ ಫೈನಲ್ ತಲುಪಿ, ಎರಡರಲ್ಲೂ ಅಮೆರಿಕದ ಕ್ರಿಸ್ ಎವರ್ಟ್ ಎದುರು ಸೋತಿದ್ದರು. ಮಹಿಳಾ ಟೆನಿಸ್‌ನಲ್ಲಿ ಅವರ ದೇಶದ ಬಹುದೊಡ್ಡ ಸಾಧನೆ ಅದೇ ಆಗಿತ್ತು.

ಟೆನಿಸ್ ಒಲಿಂಪಿಕ್ಸ್‌ಗೆ ಮರಳುವ ಹೊತ್ತಿಗೆ ಎಲೆನಾಗೆ ಏಳು ವರ್ಷ ತುಂಬುತ್ತಿತ್ತು. ತಂದೆತಾಯಿ ಮಗಳನ್ನು ಕರೆದುಕೊಂಡು ಮಾಸ್ಕೋದ ಹೆಸರಾಂತ ಡೈನಮೋ ಕ್ಲಬ್ಬಿಗೆ ಹೋದರು. ಅಲ್ಲಿ ಸೇರಿಸಿಕೊಳ್ಳಲಿಲ್ಲ. ಸೇನೆಯ ಕ್ಲಬ್ಬಿಗೆ ಹೋದರು. ಅಲ್ಲಿಯೂ ನಿರಾಕರಣೆ. ಕೊನೆಗೆ ಸ್ಪಾರ್ಟಕ್ ಕ್ಲಬ್ಬಿನಲ್ಲಿ ಅವಕಾಶ ಸಿಕ್ಕಿತು. ಅಲ್ಲಿ ಆಕೆಗೆ ಮೊದಲ ಪಾಠ ಹೇಳಿದವರು ರೌಜಾ ಇಸ್ಲಾನೋವಾ ಎಂಬ ತರಬೇತುದಾರ್ತಿ. ಮುಂದೆ ವಿಶ್ವದ ಒಂದನೆಯ ಕ್ರಮಾಂಕಕ್ಕೇರಿದ ಮರಾತ್ ಸಫಿನ್ ಮತ್ತು ದಿನಾರಾ ಸಫೀನಾ ಎಂಬ ಅಣ್ಣತಂಗಿಯರ ತಾಯಿ ಆಕೆ. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಪ್ಪತ್ತು ವರ್ಷಗಳ ನಂತರದ ಒಂದು ಪಂದ್ಯದಲ್ಲಿ ಈ ಗುರುವಿನ ನೆನಪು ಮತ್ತೆ ಬರಲಿದೆ. ಅದೇ ಅಂಗಳದಲ್ಲಿ ಅನಸ್ತೇಸಿಯಾ ಮಿಸ್ಕಿನಾ ಎಂಬ ಇನ್ನೊಬ್ಬ ಹುಡುಗಿಯೂ ಆಡುತ್ತಿದ್ದಳು. ಎಲೆನಾಗಿಂತ ಕೇವಲ ಮೂರು ತಿಂಗಳು ದೊಡ್ಡವಳು. ಇಸ್ಲಾನೋವಾ ಅವರ ಬಳಿ ಮೂರು ವರ್ಷ ಕಲಿತ ಎಲೆನಾ, ಮೊದಲು ತನ್ನನ್ನು ನಿರಾಕರಿಸಿದ್ದ ಸೇನೆಯ ಕ್ಲಬ್ಬಿಗೇ ನಂತರ ಸೇರಿದಳು.

1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಸರ್ಕಾರದ ಆಸರೆ ಕುಸಿಯಿತು. ಆದರೆ ಆ ವೇಳೆಗಾಗಲೇ ಬಿತ್ತಿದ ಬೀಜ ಮೊಳೆತಿತ್ತು. 1990ರಲ್ಲಿ ಮಾಸ್ಕೋದಲ್ಲಿ ಕ್ರೆಮ್ಲಿನ್ ಕಪ್ ಟೂರ್ನಿ ಆರಂಭವಾಗಿತ್ತು. ಅಧ್ಯಕ್ಷರಾದ ಬೋರಿಸ್ ಯೆಲ್ಸಿನ್ ಅವರಿಗೆ ಟೆನಿಸ್ ಎಂದರೆ ಪ್ರಾಣ. ದೊರೆಯ ಒಲವು ಯಾವ ಆಟದ ಕಡೆಗಿದೆಯೋ ಜನರ ಒಲವೂ ಆ ಕಡೆಗೆ ಹರಿಯುವುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಹಜವಷ್ಟೆ. ಮಕ್ಕಳ ಕೈಗೆ ರ‍್ಯಾಕೆಟ್ ಕೊಟ್ಟು, ತಮ್ಮ ಬದುಕನ್ನೇ ಅದಕ್ಕೆ ಒತ್ತೆಯಿಟ್ಟ ತಂದೆತಾಯಿಗಳ ಒಂದು ತಲೆಮಾರು ರಷ್ಯಾದಲ್ಲಿ ಹುಟ್ಟಿಕೊಂಡಿತು. ವೆರಾ ಕೂಡ ಅಂಥ ತಾಯಿ. ಎಲೆನಾ ಊರೂರು, ದೇಶ ದೇಶ ಸುತ್ತಿ ಆಡುತ್ತಿದ್ದ ಆ ಎಲ್ಲ ವರ್ಷಗಳಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಆಕೆಯ ತಾಯಿಯ ಮುಖ ಕಾಣುವುದು ವಾಡಿಕೆಯೇ ಆಗಿಹೋಗಿತ್ತು.

1998ರಲ್ಲಿ ಎಲೆನಾ ವೃತ್ತಿಪರ ಆಟಗಾರ್ತಿಯಾದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ನೆಲದಲ್ಲಿ ಫೆಡ್ ಕಪ್ ಫೈನಲ್ ನಡೆಯಿತು. ಫೆಡ್ ಕಪ್ ಎಂದರೆ ದೇಶ ದೇಶಗಳ ನಡುವಿನ ಮಹಿಳಾ ತಂಡಗಳ ಸ್ಪರ್ಧೆ. ರಷ್ಯಾ ಆ ಫೈನಲ್ಲನ್ನು 1-4ರಿಂದ ಸೋತಿತು. ರಷ್ಯಾಕ್ಕೆ ದೊರೆತ ಆ ಒಂದೇ ಒಂದು ಗೆಲುವನ್ನು ತಂದವರು ಹದಿನೇಳು ವರ್ಷದ ಎಲೆನಾ. ಸೋತವರು ವೀನಸ್ ವಿಲಿಯಮ್ಸ್. ಮೊದಲ ಸೆಟ್ಟನ್ನು ಕಳೆದುಕೊಂಡು ಮೂರನೆಯ ಸೆಟ್ಟಿನಲ್ಲಿ ಗೆದ್ದ ಪಂದ್ಯ ಅದು. 2000ದಲ್ಲಿ ಆಕೆ ಅಮೆರಿಕ ಓಪನ್ ಸೆಮಿಫೈನಲ್ ತಲುಪಿದರು. ರಷ್ಯಾದ ಬೇರಾವ ಮಹಿಳೆಯೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಅದೇ ತಿಂಗಳಿನಲ್ಲಿ ಸಿಡ್ನಿ ಒಲಿಂಪಿಕ್ಸ್ ಫೈನಲ್ ಆಡಿ ಬೆಳ್ಳಿ ಪದಕ ಪಡೆದರು. ಚಿನ್ನ ವೀನಸ್ ಪಾಲಾಯಿತು. ಹದಿನೆಂಟು ವರ್ಷದ ಹುಡುಗಿಗೆ ಬೆಳ್ಳಿ ಎಂದರೆ ಆರಂಭ ಎಂದೇ ಎಲ್ಲರೂ ಭಾವಿಸಿದರು.

ಆಕೆಯ ಆಟವನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಂಕೆಯಂತೆ ಓಟ. ಓಡುತ್ತಲೇ ಹೊಡೆಯುವ ಫೋರ್‌ಹ್ಯಾಂಡ್ ಬಾಣದಂತೆ ನೇರ, ತೀಕ್ಷ್ಣ. ಎರಡು ಕೈಯ ಬ್ಯಾಕ್‌ಹ್ಯಾಂಡ್ ಕೂಡ ಅಷ್ಟೇ ಗಟ್ಟಿ. ಚೆಂಡು ಒಮ್ಮೆ ಆಟಕ್ಕೆ ಬಂದರೆ ಎದುರಿಗೆ ಯಾರೇ ಇರಲಿ, ಸರಿಸಮಾನವಾದ ಕಾಳಗ. ಆದರೆ ಚೆಂಡನ್ನು ಆಟಕ್ಕೆ ತರುವುದೇ ಆಕೆಯ ಪಾಲಿಗೆ ಕಷ್ಟದ ಕೆಲಸ. ತಲೆಯ ಮೇಲೆ ನೇರವಾಗಿ ಎಸೆಯಬೇಕಾದ ಚೆಂಡನ್ನು ಬಲಕ್ಕೆ ದೂರವಾಗಿ ಎಸೆದು, ಪಕ್ಕದಿಂದ ಸವರಿದಂತೆ ಹೊಡೆಯುತ್ತಿದ್ದರು. ವೇಗವಿಲ್ಲದ ಆ ಚೆಂಡು ಎದುರಾಳಿಗೆ ಹಬ್ಬದೂಟ. ಸ್ವಲ್ಪ ವೇಗ ಹೆಚ್ಚಿಸಲು ಹೋದರೆ ನೆಟ್‌ಗೆ ಬಡಿಯುವುದು ಅಥವಾ ಗೆರೆಯಾಚೆ ಬೀಳುವುದು. ಒಂದೇ ಪಂದ್ಯದಲ್ಲಿ ಮತ್ತೆ ಮತ್ತೆ ಡಬಲ್ ಫಾಲ್ಟ್. ಜಗತ್ತೇ ನೋಡುತ್ತಿರುವಾಗ, ಯಾರ ಅಡ್ಡಿಯೂ ಇಲ್ಲದಿರುವಾಗ, ತನ್ನ ಕೈಯೇ ತನಗೆ ಎದುರು ನಿಲ್ಲುವುದು ಎಂಥ ಸಂಕಟವೆಂದು ಊಹಿಸಿ.

ಬಿ.ಎಡ್. ಓದುವಾಗ ನಮಗೆ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂಬ ಎರಡು ವಿಷಯಗಳನ್ನು ಕಲಿಸುತ್ತಾರೆ. ಮಗುವಿನ ಕಲಿಕೆಯಲ್ಲಿ ಎಲ್ಲಿ ತೊಡಕಿದೆ ಎಂದು ಪತ್ತೆಹಚ್ಚುವುದು ಮೊದಲನೆಯದು. ಅದನ್ನು ಸರಿಪಡಿಸುವುದು ಎರಡನೆಯದು. ಪುಸ್ತಕದಲ್ಲಿ ಇವು ಅಕ್ಕಪಕ್ಕದ ಪುಟಗಳಲ್ಲಿರುತ್ತವೆ. ತರಗತಿಯಲ್ಲಿ ಇವುಗಳ ನಡುವೆ ಎಷ್ಟೋ ವೇಳೆ ಗಾವುದಗಟ್ಟಲೆ ದೂರ. ಎಲೆನಾ ಅವರ ತೊಡಕು ಎಲ್ಲಿದೆ ಎಂದು ತಿಳಿಯಲು ತಜ್ಞರೇ ಬೇಕಿರಲಿಲ್ಲ, ಟಿವಿ ಮುಂದೆ ಕುಳಿತ ನಮ್ಮಂಥವರಿಗೂ ಗೊತ್ತಿತ್ತು. ಆದರೆ ಬಾಲ್ಯದಿಂದ ಸ್ನಾಯುಗಳಲ್ಲಿ ಬೇರೂರಿದ ಚಲನೆಯನ್ನು, ವಾರವಾರವೂ ಒಂದೊಂದು ದೇಶದಲ್ಲಿ ಪಂದ್ಯವಾಡುತ್ತಿರುವಾಗ ಬದಲಿಸುವುದು, ಓಡುತ್ತಿರುವ ಬಂಡಿಯ ಗಾಲಿಯನ್ನು ಬದಲಿಸಿದಂತೆ. ಆಕೆ ಪ್ರಯತ್ನವನ್ನು ಬಿಡಲಿಲ್ಲ. ವರ್ಷಗಳು ಕಳೆದಂತೆ ಸುಧಾರಣೆಯೂ ಕಂಡಿತು. ಪೂರ್ತಿಯಾಗಿ ಮಾತ್ರ ಆ ಕೊರತೆ ನೀಗಲಿಲ್ಲ.

ಆ ಕೊರತೆಯ ಬೆಲೆಯನ್ನು ಆಕೆ ತೆತ್ತದ್ದು 2004ರಲ್ಲಿ. ರಷ್ಯಾದ ಮಹಿಳಾ ಟೆನಿಸ್‌ಗೆ ಅದು ಚಿನ್ನದಂಥ ವರ್ಷ. ಜೂನ್ ತಿಂಗಳಿನಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್‌ನಲ್ಲಿ ರಷ್ಯಾದವರೇ ಇಬ್ಬರು ಎದುರಾದರು. ಗ್ರ್ಯಾಂಡ್ ಸ್ಲಾಮ್ ಟೂರ್ನಿಯೊಂದರ ಫೈನಲ್‌ನಲ್ಲಿ ಹಾಗಾದದ್ದು ಅದೇ ಮೊದಲು. ಒಂದು ಕಡೆ ಎಲೆನಾ; ಇನ್ನೊಂದು ಕಡೆ ಸ್ಪಾರ್ಟಕ್ ಅಂಗಳದ ಅದೇ ಬಾಲ್ಯದ ಗೆಳತಿ ಮಿಸ್ಕಿನಾ. ಯಾರು ಗೆದ್ದರೂ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ರಷ್ಯನ್ ಮಹಿಳೆ ಎಂಬ ಶಾಶ್ವತ ಕೀರ್ತಿ ಅವರದಾಗುತ್ತಿತ್ತು. ಎಲೆನಾ ಅವರ ಸರ್ವ್ ಅಂದು ಸಂಪೂರ್ಣವಾಗಿ ಕೈಕೊಟ್ಟಿತು. 6-1, 6-2ರಿಂದ ಮಿಸ್ಕಿನಾ ಗೆದ್ದರು. ಜುಲೈಯಲ್ಲಿ ಹದಿನೇಳು ವರ್ಷದ ಶರಪೋವಾ ವಿಂಬಲ್ಡನ್ ಗೆದ್ದರು. ಸೆಪ್ಟೆಂಬರಿನಲ್ಲಿ ಎಲೆನಾ ಮತ್ತೆ ಅಮೆರಿಕ ಓಪನ್ ಫೈನಲ್ ತಲುಪಿದರು. ಎದುರಿಗೆ ಇನ್ನೊಬ್ಬ ರಷ್ಯನ್, ಹತ್ತೊಂಬತ್ತು ವರ್ಷದ ಸ್ವೆತ್ಲಾನಾ ಕುಜ್ನೆತ್ಸೋವಾ. ಅಲ್ಲಿಯೂ 6-3, 7-5ರಿಂದ ಸೋಲು. ಒಂದೇ ವರ್ಷದಲ್ಲಿ ರಷ್ಯಾದ ಮೂವರು ಮಹಿಳೆಯರು ಗ್ರ್ಯಾಂಡ್ ಸ್ಲಾಮ್ ಗೆದ್ದರು. ಎರಡು ಫೈನಲ್ ಆಡಿದ ಎಲೆನಾ ಆ ಮೂವರಲ್ಲಿ ಇರಲಿಲ್ಲ.

ನಮ್ಮ ಕನ್ನಡಿಗರಿಗೆ ಇಂಥ ಕಥೆ ಹೊಸದೇನಲ್ಲ. ಕರ್ಣನ ಕಥೆಯನ್ನು ಕೇಳಿಯೇ ಬೆಳೆದವರು ನಾವು. ಅಭ್ಯಾಸವಿದೆ, ಶೌರ್ಯವಿದೆ, ಬಿಲ್ವಿದ್ಯೆಯಿದೆ. ಆದರೆ ಬೇಕಾದ ಕ್ಷಣಕ್ಕೆ ಸರಿಯಾಗಿ ಮಂತ್ರ ಮರೆತುಹೋಗುತ್ತದೆ, ರಥದ ಗಾಲಿ ನೆಲದಲ್ಲಿ ಹೂತುಹೋಗುತ್ತದೆ. ಪಂಪನ ಭಾರತಕ್ಕೆ ಅರ್ಜುನನೇ ನಾಯಕ. ಆದರೂ ಆ ಕಾವ್ಯವನ್ನು ಓದಿದವರ ಮನಸ್ಸಿನಲ್ಲಿ ಕಡೆಗೆ ಉಳಿಯುವವನು ಕರ್ಣ. ಗೆದ್ದವನನ್ನು ಹೊಗಳಲು ಹೊರಟ ಕವಿಯೇ ಸೋತವನ ಮುಂದೆ ತಲೆಬಾಗುತ್ತಾನೆ. ಆದರೆ ಕರ್ಣನಿಗೂ ಎಲೆನಾಗೂ ಒಂದು ವ್ಯತ್ಯಾಸವಿದೆ. ಕರ್ಣನಿಗೆ ಎರಡನೆಯ ದಿನ ಇರಲಿಲ್ಲ. ಎಲೆನಾ ಮರುದಿನ ಬೆಳಿಗ್ಗೆ ಎದ್ದು ಅದೇ ಸರ್ವ್ ಹಿಡಿದುಕೊಂಡು ಅಭ್ಯಾಸದ ಅಂಗಳಕ್ಕೆ ಹೋಗಬೇಕಿತ್ತು. ನನಗೆ ಈ ಬದುಕಿನಲ್ಲಿ ದೊಡ್ಡದಾಗಿ ಕಾಣುವುದು ಅದೇ.

ಆಕೆ ಹೋದರು. 1999ರ ಆಸ್ಟ್ರೇಲಿಯ ಓಪನ್‌ನಿಂದ 2010ರ ಫ್ರೆಂಚ್ ಓಪನ್‌ವರೆಗೆ ಒಂದನ್ನೂ ತಪ್ಪಿಸದೆ 46 ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳನ್ನು ಸತತವಾಗಿ ಆಡಿದರು. 2003ರಿಂದ 2010ರವರೆಗೆ, ಒಂದು ವರ್ಷವನ್ನು ಬಿಟ್ಟರೆ, ಪ್ರತಿವರ್ಷದ ಕೊನೆಯಲ್ಲೂ ವಿಶ್ವದ ಮೊದಲ ಹತ್ತು ಮಂದಿಯಲ್ಲಿ ಆಕೆಯ ಹೆಸರಿತ್ತು. ಹಾಜರಿ ಪುಸ್ತಕ ಹಿಡಿದು ಜೀವ ಸವೆಸಿದ ನನ್ನಂಥವನಿಗೆ ಈ ಹಾಜರಿಯ ಬೆಲೆ ಗೊತ್ತು. ನಿನ್ನೆ ಎಲ್ಲರೆದುರು ತಪ್ಪು ಉತ್ತರ ಹೇಳಿ ತಲೆತಗ್ಗಿಸಿದ ಹುಡುಗ ಇಂದು ಮತ್ತೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತರೆ, ಅಂಥವನ ಬಗ್ಗೆ ಉಪಾಧ್ಯಾಯರಿಗೆ ಹುಟ್ಟುವ ಗೌರವವೇ ಬೇರೆ.

2005ರ ಸೆಪ್ಟೆಂಬರಿನಲ್ಲಿ ಫೆಡ್ ಕಪ್ ಫೈನಲ್. ರಷ್ಯಾಕ್ಕೆ ಎದುರಾಳಿ ಫ್ರಾನ್ಸ್. ನಡೆದದ್ದು ಪ್ಯಾರಿಸ್‌ನಲ್ಲಿ, ಒಂದು ವರ್ಷದ ಹಿಂದೆ ಎಲೆನಾ ಮುಖಭಂಗ ಅನುಭವಿಸಿದ್ದ ಅದೇ ಕ್ರೀಡಾಂಗಣದಲ್ಲಿ. ಆತಿಥೇಯರ ಪರವಾಗಿ ಮೇರಿ ಪಿಯರ್ಸ್ ಮತ್ತು ಅಮೆಲಿ ಮೌರೆಸ್ಮೊ. ಸುತ್ತಲೂ ಅವರ ಪರವಾಗಿ ಕೂಗುವ ಜನ. ಎಲೆನಾ ಮೊದಲು ಪಿಯರ್ಸ್ ಅವರನ್ನು ಸೋಲಿಸಿದರು, ನಂತರ ಮೌರೆಸ್ಮೊ ಅವರನ್ನು ಸೋಲಿಸಿದರು. ಎರಡು ದೇಶಗಳೂ 2-2 ಸಮವಾದಾಗ ಕೊನೆಯ ಡಬಲ್ಸ್ ಪಂದ್ಯಕ್ಕೆ ದಿನಾರಾ ಸಫೀನಾ ಜೊತೆಗೂಡಿ ಮತ್ತೆ ಅಂಗಳಕ್ಕಿಳಿದು ಅದನ್ನೂ ಗೆದ್ದರು. ಮೂರೂ ಪಂದ್ಯಗಳು ಮೂರು ಮೂರು ಸೆಟ್ಟುಗಳ ಹೋರಾಟ. ರಷ್ಯಾ ಆ ಫೈನಲ್ಲಿನಲ್ಲಿ ಗಳಿಸಿದ ಮೂರು ಅಂಕಗಳಲ್ಲಿ ಮೂರರಲ್ಲೂ ಎಲೆನಾ ಅವರ ಕೈಯಿತ್ತು. ಸರ್ವ್ ಅಂದೂ ಅದೇ ಹಳೆಯ ಸರ್ವ್. ಆದರೆ ತನಗಾಗಿ ಆಡಿದಾಗ ನಡುಗಿದ ಕೈ ಹದಿನೈದು ತಿಂಗಳ ಬಳಿಕ ತಂಡಕ್ಕಾಗಿ ಆಡುವಾಗ ಗಟ್ಟಿಯಾಗಿ ನಿಂತಿತು.

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಾತನ್ನು ಹೇಳಬೇಕು. ಹೆಸರು ಬೇಡ. ಹೈಸ್ಕೂಲಿನಲ್ಲಿ ಬಹಳ ಚುರುಕು. ಮುಂದೆ ಕೆ.ಎ.ಎಸ್. ಪರೀಕ್ಷೆ ಕಟ್ಟಿ ಎರಡು ಬಾರಿ ಸಂದರ್ಶನದವರೆಗೆ ಹೋಗಿ, ಎರಡು ಬಾರಿಯೂ ಹಿಂತಿರುಗಿದ. ಬರವಣಿಗೆಯಲ್ಲಿ ಹುಲಿ, ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಗಂಟಲು ಕಟ್ಟುತ್ತಿತ್ತು. ಈಗ ಹಳ್ಳಿಯೊಂದರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ರೈತರ ಒಂದು ರೂಪಾಯಿ ಲೆಕ್ಕ ಆಚೀಚೆ ಆಗಲು ಬಿಟ್ಟವನಲ್ಲ; ಸಾಲದ ಅರ್ಜಿ ಬರೆಯಲು ಬಾರದವರಿಗೆ ತಾನೇ ಕುಳಿತು ಬರೆದುಕೊಡುತ್ತಾನೆ. ಮದುವೆಯೊಂದರಲ್ಲಿ ಸಿಕ್ಕಾಗ ಕಾಲಿಗೆ ನಮಸ್ಕರಿಸಿ, ಮೇಷ್ಟ್ರೇ, ನಿಮ್ಮ ಹೆಸರು ಉಳಿಸುವಂಥದ್ದು ನನ್ನಿಂದ ಏನೂ ಆಗಲಿಲ್ಲ ಎಂದ. ಇಪ್ಪತ್ತೈದು ವರ್ಷಗಳ ಪ್ರಾಮಾಣಿಕ ದುಡಿಮೆ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಎರಡು ಸಂದರ್ಶನಗಳ ಅರ್ಧ ಅರ್ಧ ಗಂಟೆ ಮಾತ್ರ ಲೆಕ್ಕದಲ್ಲಿತ್ತು. ಅಂದು ಊಟದ ಪಂಕ್ತಿಯ ಗದ್ದಲದಲ್ಲಿ ಹೇಳಬೇಕೆಂದಿದ್ದನ್ನೆಲ್ಲ ಹೇಳಲು ಅವಕಾಶವಾಗಲಿಲ್ಲ. ಅವನಂತೆಯೇ ಯೋಚಿಸುವವರು ನಿಮ್ಮಲ್ಲಿ ಇನ್ನೂ ಹಲವರಿರಬಹುದು. ಅವರೆಲ್ಲರೂ ಮುಂದಿನ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕು.

2007ರಲ್ಲಿ ಎಲೆನಾ ತಮ್ಮ ಊರಾದ ಮಾಸ್ಕೋದ ಕ್ರೆಮ್ಲಿನ್ ಕಪ್ ಗೆದ್ದರು. 2001ರಲ್ಲಿ ಮತ್ತು 2004ರಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಸೋತಿದ್ದರು. ಮೂರನೆಯ ಬಾರಿ ಎದುರಿದ್ದವರು ಸೆರೆನಾ ವಿಲಿಯಮ್ಸ್. ಅದುವರೆಗೆ ಎಲೆನಾ ಒಮ್ಮೆಯೂ ಅವರನ್ನು ಸೋಲಿಸಿರಲಿಲ್ಲ. ಮೊದಲ ಸೆಟ್ಟು ಕೈತಪ್ಪಿದ ಮೇಲೆ ಮುಂದಿನ ಎರಡು ಸೆಟ್ಟುಗಳನ್ನು 6-1, 6-1ರಿಂದ ಗೆದ್ದರು. ಮರುವರ್ಷದ ಫ್ರೆಂಚ್ ಓಪನ್‌ನಲ್ಲಿ ಮತ್ತೆ ಏಟು ಬಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ದಿನಾರಾ ಸಫೀನಾ ವಿರುದ್ಧ 6-4, 5-2ರಿಂದ ಮುಂದಿದ್ದು, ಗೆಲುವಿಗೆ ಒಂದೇ ಅಂಕ ಬೇಕಿದ್ದ ಮ್ಯಾಚ್ ಪಾಯಿಂಟ್ ಸಹ ಪಡೆದು, ಪಂದ್ಯವನ್ನು ಕಳೆದುಕೊಂಡರು. ಕೊನೆಯ ಸೆಟ್ಟಿನಲ್ಲಿ ಒಂದು ಗೇಮ್ ಕೂಡ ಸಿಗಲಿಲ್ಲ. ಇಂಥ ಸೋಲಿನ ನಂತರ ಎಷ್ಟೋ ಆಟಗಾರರು ಮತ್ತೆ ತಲೆಯೆತ್ತುವುದಿಲ್ಲ.

ಎರಡೇ ತಿಂಗಳ ಬಳಿಕ, 2008ರ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್. ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದುಕೊಟ್ಟ ಒಲಿಂಪಿಕ್ಸ್ ಎಂದರೆ ನಿಮಗೆ ಬೇಗ ನೆನಪಾದೀತು. ಕ್ವಾರ್ಟರ್ ಫೈನಲ್‌ನಲ್ಲಿ ಎಲೆನಾ ಮೊದಲ ಸೆಟ್ ಸೋತು ಸೆರೆನಾ ಅವರನ್ನು ಹಿಮ್ಮೆಟ್ಟಿಸಿದರು. ಸೆಮಿಫೈನಲ್‌ನಲ್ಲಿ ತಮ್ಮ ದೇಶದವರೇ ಆದ ವೆರಾ ಜ್ವೊನರೇವಾ ಅವರನ್ನು ಸೋಲಿಸಿದರು. ಫೈನಲ್ ನಡೆದದ್ದು ಆಗಸ್ಟ್ 17ರಂದು. ಎದುರಾಳಿ ಯಾರೆಂದರೆ, ಪ್ಯಾರಿಸ್‌ನಲ್ಲಿ ಗೆಲುವನ್ನು ಕೈಯಿಂದ ಕಿತ್ತುಕೊಂಡಿದ್ದ ಅದೇ ಸಫೀನಾ; ಎಲೆನಾಗೆ ಏಳನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿಯುವುದನ್ನು ಕಲಿಸಿದ ಇಸ್ಲಾನೋವಾ ಅವರ ಸ್ವಂತ ಮಗಳು. ನೆಟ್‌ನ ಎರಡೂ ಕಡೆ ಇದ್ದದ್ದು ಒಬ್ಬರೇ ಗುರುವಿನ ಪಾಠ. ಕುರುಕ್ಷೇತ್ರದಲ್ಲಿ ಎರಡೂ ಪಾಳೆಯದಲ್ಲಿ ದ್ರೋಣರ ಶಿಷ್ಯರೇ ನಿಂತಿದ್ದಂತೆ. ಮೊದಲ ಸೆಟ್ 3-6ರಿಂದ ಹೋಯಿತು. ಎರಡನೆಯದು ಏಗಾಡಿ 7-5ಕ್ಕೆ ದಕ್ಕಿತು. ಮೂರನೆಯದು 6-3. ಚಿನ್ನ ಎಲೆನಾ ಅವರದು, ಬೆಳ್ಳಿ ಸಫೀನಾ ಅವರದು, ಕಂಚು ಜ್ವೊನರೇವಾ ಅವರದು. ಮೂರೂ ಪದಕಗಳು ಒಂದೇ ದೇಶಕ್ಕೆ. ಸಿಡ್ನಿಯ ಬೆಳ್ಳಿಗೂ ಬೀಜಿಂಗಿನ ಚಿನ್ನಕ್ಕೂ ನಡುವೆ ಎಂಟು ವರ್ಷಗಳ ಅಂತರ.

ಈ ಚಿನ್ನದೊಂದಿಗೆ ಕಥೆ ಮುಗಿದಿದ್ದರೆ ಅದು ನೀತಿಕಥೆಯಾಗುತ್ತಿತ್ತು. ಬದುಕು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. 2009ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಎಲೆನಾ ಮತ್ತು ಸೆರೆನಾ 2 ಗಂಟೆ 49 ನಿಮಿಷ ಕಾದಾಡಿದರು. ಮೂರನೆಯ ಸೆಟ್ಟಿನಲ್ಲಿ 5-4ರಿಂದ ಮುಂದಿದ್ದ ಎಲೆನಾಗೆ ಮ್ಯಾಚ್ ಪಾಯಿಂಟ್ ದೊರೆಯಿತು. ಸೆರೆನಾ ನೆಟ್ ಬಳಿಗೆ ಓಡಿಬಂದು ತಡೆದ ಚೆಂಡು ನೆಟ್‌ನ ಪಟ್ಟಿಯನ್ನು ಸವರಿ ಎಲೆನಾ ಅವರ ಅಂಗಳಕ್ಕೆ ಬಿತ್ತು. ಒಂದು ಬೆರಳಿನಷ್ಟು ಕೆಳಗೆ ಬಡಿದಿದ್ದರೆ ಪಂದ್ಯ ಎಲೆನಾ ಪಾಲಾಗುತ್ತಿತ್ತು. ಕೊನೆಗೆ 8-6ರಿಂದ ಸೆರೆನಾ ಗೆದ್ದು, ಫೈನಲ್‌ನಲ್ಲಿ ಅಕ್ಕ ವೀನಸ್ ಅವರನ್ನೂ ಸೋಲಿಸಿ ಪ್ರಶಸ್ತಿ ಪಡೆದರು. ಗಮನಿಸಬೇಕಾದ ಮಾತೆಂದರೆ, ಅಂದು ನಿರ್ಣಾಯಕವಾದದ್ದು ಎಲೆನಾ ಅವರ ಸರ್ವ್ ಅಲ್ಲ. ಕೊರತೆಯನ್ನು ಮೀರಿ ಆಡಿದ ದಿನ ಅದೃಷ್ಟ ಅಡ್ಡ ಬಂದಿತು. ಸೋಲುಗಳೆಲ್ಲಕ್ಕೂ ನಮ್ಮ ದೌರ್ಬಲ್ಯವೇ ಕಾರಣವೆಂದು ನಂಬುವುದು ಕೂಡ ಒಂದು ಬಗೆಯ ಭ್ರಮೆ.

2010ರ ಫ್ರೆಂಚ್ ಓಪನ್‌ನಲ್ಲಿ ಮತ್ತೆ ಸೆಮಿಫೈನಲ್. ಇಟಲಿಯ ಫ್ರಾನ್ಸೆಸ್ಕಾ ಸ್ಕಿಯಾವೋನ್ ವಿರುದ್ಧ ಮೊದಲ ಸೆಟ್ ಟೈಬ್ರೇಕಿನಲ್ಲಿ ಹೋದ ಮೇಲೆ, ಮೀನಖಂಡದ ಗಾಯದಿಂದಾಗಿ ಆಟ ಮುಂದುವರಿಸಲಾಗದೆ ಹಿಂದೆ ಸರಿದರು. ಸ್ಕಿಯಾವೋನ್ ಆ ಬಾರಿ ಪ್ರಶಸ್ತಿಯನ್ನೇ ಗೆದ್ದರು. ಅದೇ ವರ್ಷ ಅಕ್ಟೋಬರ್ 29ರಂದು, ಕತಾರ್ ದೇಶದ ದೋಹಾದಲ್ಲಿ ವರ್ಷಾಂತ್ಯದ ಟೂರ್ನಿಯಲ್ಲಿ ಸ್ಕಿಯಾವೋನ್ ವಿರುದ್ಧವೇ ಸೋತ ಬಳಿಕ, ಎಲೆನಾ ಅಂಗಳದಲ್ಲಿಯೇ ನಿವೃತ್ತಿ ಘೋಷಿಸಿದರು. ಕೇವಲ 29 ವರ್ಷ. ವಿಶ್ವದ ಮೊದಲ ಹತ್ತು ಮಂದಿಯಲ್ಲಿ ಇನ್ನೂ ಸ್ಥಾನವಿತ್ತು. ಸಹ ಆಟಗಾರ್ತಿಯರು ಬಂದು ಕಣ್ಣೀರಿನಿಂದ ಬೀಳ್ಕೊಟ್ಟರು. ನಮ್ಮಂಥವರಿಗೆ ನಿವೃತ್ತಿಯ ದಿನಾಂಕವನ್ನು ಸರ್ಕಾರವೇ ಸೇವಾ ಪುಸ್ತಕದಲ್ಲಿ ಬರೆದಿಟ್ಟಿರುತ್ತದೆ. ನಾವು ಹಾರ ಹಾಕಿಸಿಕೊಂಡು ಮನೆಗೆ ಬರುತ್ತೇವೆ. ತಾನಾಗಿಯೇ ದಿನ ಗೊತ್ತುಮಾಡಿ, ಸಾಕು ಎಂದು ಎದ್ದು ಬರುವುದಕ್ಕೆ ಬೇರೆ ಬಗೆಯ ಧೈರ್ಯ ಬೇಕು. ಮರುವರ್ಷ ಐಸ್ ಹಾಕಿ ಆಟಗಾರ ಮ್ಯಾಕ್ಸಿಂ ಅಫಿನೊಗೆನೋವ್ ಅವರೊಂದಿಗೆ ವಿವಾಹವಾಯಿತು. ಮುಂದೆ ಮಕ್ಕಳಾದರು.

ಒಟ್ಟು ಲೆಕ್ಕ ಹೀಗಿದೆ: ಸಿಂಗಲ್ಸ್‌ನಲ್ಲಿ 16 ಪ್ರಶಸ್ತಿ, ಡಬಲ್ಸ್‌ನಲ್ಲಿ 6, ಒಲಿಂಪಿಕ್ಸ್‌ನ ಒಂದು ಚಿನ್ನ, ಒಂದು ಬೆಳ್ಳಿ, ದೇಶಕ್ಕೊಂದು ಫೆಡ್ ಕಪ್ ತಂದುಕೊಟ್ಟ ಪ್ಯಾರಿಸ್‌ನ ಆ ಮೂರು ಪಂದ್ಯಗಳು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಎಂಬ ಸಾಲಿನ ಮುಂದೆ ಸೊನ್ನೆ. ಅಂಕಪಟ್ಟಿ ಕೈಗೆ ಬಂದೊಡನೆ ಕಡಿಮೆ ಅಂಕ ಎಲ್ಲಿದೆ ಎಂದು ಮೊದಲು ಹುಡುಕುವ ತಂದೆತಾಯಿಗಳನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಕನ್ನಡದಲ್ಲಿ ತೊಂಬತ್ತು, ಸಮಾಜದಲ್ಲಿ ಎಂಬತ್ತೆಂಟು ಕಣ್ಣಿಗೆ ಬೀಳುವುದಿಲ್ಲ. ಗಣಿತದ ನಲವತ್ತೊಂದರ ಮೇಲೆ ಬೆರಳು ನಿಲ್ಲುತ್ತದೆ. ಜಗತ್ತು ಎಲೆನಾ ಅವರ ಪಟ್ಟಿಯನ್ನೂ ಹಾಗೆಯೇ ಓದಿತು. ದುಃಖದ ವಿಷಯವೆಂದರೆ ಬಹುಪಾಲು ಜನ ತಮ್ಮ ಸ್ವಂತ ಪಟ್ಟಿಯನ್ನೂ ಹಾಗೆಯೇ ಓದಿಕೊಳ್ಳುತ್ತಾರೆ.

ಕೊರತೆಯನ್ನು ಅಲಕ್ಷಿಸಿ ಎಂದು ನಾನು ಹೇಳುತ್ತಿಲ್ಲ. ಎಲೆನಾ ಅಲಕ್ಷಿಸಲಿಲ್ಲ, ಹನ್ನೆರಡು ವರ್ಷ ಅದರ ಜೊತೆ ಸೆಣಸಿದರು. ಆದರೆ ಅದು ನೀಗಿದ ಮೇಲೆಯೇ ಆಡುತ್ತೇನೆಂದು ಕಾಯುತ್ತ ಕೂರಲಿಲ್ಲ. ಸರ್ವ್ ದುರ್ಬಲವಾದ್ದರಿಂದಲೇ ಕಾಲುಗಳನ್ನು ಇನ್ನಷ್ಟು ಚುರುಕುಗೊಳಿಸಬೇಕಾಯಿತು, ಎದುರಾಳಿಯ ಸರ್ವ್ ಅನ್ನು ಇನ್ನಷ್ಟು ಬಲವಾಗಿ ಹಿಂತಿರುಗಿಸಬೇಕಾಯಿತು, ಪ್ರತಿಯೊಂದು ಅಂಕಕ್ಕೂ ಇತರರಿಗಿಂತ ಎರಡು ಹೆಜ್ಜೆ ಹೆಚ್ಚು ಓಡಬೇಕಾಯಿತು. ಸೆರೆನಾ ಅವರಂಥ ಸರ್ವ್ ಇದ್ದಿದ್ದರೆ ಆಕೆ ಹೆಚ್ಚು ಪ್ರಶಸ್ತಿ ಗೆಲ್ಲುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆಗ ಅವರು ಬೇರೊಬ್ಬ ಆಟಗಾರ್ತಿಯಾಗಿರುತ್ತಿದ್ದರು.

ಗ್ರ್ಯಾಂಡ್ ಸ್ಲಾಮ್ ಗೆಲ್ಲದವರಲ್ಲಿ ಅತ್ಯುತ್ತಮರು ಎಂಬ ವಾಕ್ಯಕ್ಕೆ ಈಗ ಹಿಂತಿರುಗೋಣ. ಅದು ಎಲೆನಾ ಅವರ ಅಳತೆಯಲ್ಲ, ಅಳೆಯುವವರ ಕೋಲಿನ ಅಳತೆ ಎಂದು ನನಗೆ ಅನಿಸುತ್ತದೆ. ನನ್ನ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾದಿರಿ, ಎಂಜಿನಿಯರರಾದಿರಿ, ವಿದೇಶದಲ್ಲಿದ್ದೀರಿ, ಸಂತೋಷ. ಇನ್ನು ಕೆಲವರು ಅಂದುಕೊಂಡದ್ದು ಆಗದೆ ಬೇರೇನೋ ಆದಿರಿ. ಹೀಗೆ ಬೇರೇನೋ ಆದವರ ಅಂಗಡಿಗಳಲ್ಲಿ, ಹೊಲಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಈ ನಾಡಿನ ಬಹುಪಾಲು ಕೆಲಸ ನಡೆಯುತ್ತಿದೆ. ಎಂದಾದರೂ ಬಿಡುವಾದಾಗ 2008ರ ಬೀಜಿಂಗ್ ಫೈನಲ್ಲಿನ ದೃಶ್ಯಗಳು ಸಿಕ್ಕರೆ ನೋಡಿ. ಚೆಂಡನ್ನು ಬಲಕ್ಕೆ ವಾರೆಯಾಗಿ ಎಸೆಯುವ ಆ ಅಂಕುಡೊಂಕು ಸರ್ವ್ ಅಲ್ಲಿಯೂ ಹಾಗೆಯೇ ಇದೆ. ಚಿನ್ನ ಗೆದ್ದದ್ದು ಅದನ್ನಿಟ್ಟುಕೊಂಡೇ.